ಸಿಗ್ನಲ್ ಫುಲ್, ನೆಟ್ ಮಾತ್ರ ಇಲ್ಲ: ಮಲೆನಾಡಿನ ಮೆಶ್‌ಗೆ ಏರ್‌ಟೈಮ್ ಲೆಕ್ಕ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಳ್ಳಿ ಅಂದರೆ ಸಾಲುಮನೆಗಳ ಕೇರಿಯಲ್ಲ. ಗುಡ್ಡದ ಬುಡಕ್ಕೊಂದು ಅಡಿಕೆ ತೋಟ, ತೋಟದ ತಲೆಗೊಂದು ಮನೆ, ಮುಂದಿನ ಮನೆ ಇನ್ನೊಂದು ಕಣಿವೆಯಲ್ಲಿ. ಫೈಬರ್ ರಸ್ತೆ ಬದಿಯ ಮನೆಯವರೆಗೆ ಬಂದು ನಿಂತುಬಿಡುತ್ತದೆ. ಅಲ್ಲಿಂದಾಚೆ ಕೇಬಲ್ ಎಳೆದರೆ ಆರಿದ್ರಾ ಮಳೆಗೆ ಮರ ಬಿದ್ದು ತುಂಡಾಗುವುದು ಗ್ಯಾರಂಟಿ. ಹಾಗಾಗಿ ಗುಡ್ಡದ ನೆತ್ತಿಯಲ್ಲೊಂದು ರಿಲೇ, ಅಂದರೆ ಕೇಳಿದ್ದನ್ನು ಮುಂದಕ್ಕೆ ದಾಟಿಸುವ ರೇಡಿಯೊ, ಇಟ್ಟು ವೈಫೈಯಲ್ಲೇ ಆಚೆ ಕಣಿವೆಗೆ ದಾಟಿಸುತ್ತಾರೆ. ಹೀಗೆ ಒಂದರಿಂದೊಂದಕ್ಕೆ ದಾಟಿಸುವ ಜಾಲವೇ ಮೆಶ್. ಉಪಾಯ ಒಳ್ಳೆಯದೇ. ಆದರೆ ನಾಲ್ಕಾರು ಮನೆ ಸೇರಿಕೊಂಡ ಮೇಲೆ ಸಂಜೆ ಏಳು ಗಂಟೆಗೆ ನೋಡಿ: ಡಬ್ಬದ ಮೇಲೆ 300 ಎಂಬಿಪಿಎಸ್ ಎಂದು ಬರೆದಿದೆ, ಸಿಗ್ನಲ್ ಕಡ್ಡಿಗಳೆಲ್ಲ ತುಂಬಿವೆ, ವಿಡಿಯೊ ಮಾತ್ರ ಸುತ್ತುತ್ತಲೇ ಇದೆ.

ಆಗ ಹೆಚ್ಚಿನವರು ಎರಡು ಕೆಲಸ ಮಾಡುತ್ತಾರೆ. ಪವರ್ ಏರಿಸುತ್ತಾರೆ, ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ನಿಂದ 40ಕ್ಕೋ 80ಕ್ಕೋ ಹಿಗ್ಗಿಸುತ್ತಾರೆ. ಎರಡರಿಂದಲೂ ಸಾಮಾನ್ಯವಾಗಿ ರೋಗ ಜಾಸ್ತಿಯೇ ಆಗುತ್ತದೆ. ಒಂದೇ ಚಾನೆಲನ್ನು ಹಂಚಿಕೊಂಡು ಬದುಕುವ ಜಾಲದಲ್ಲಿ ಖರ್ಚಾಗುವುದು ಸಮಯ. ಸೆಕೆಂಡಿಗೆ ಹತ್ತು ಲಕ್ಷ ಮೈಕ್ರೊಸೆಕೆಂಡ್. ಅಷ್ಟೇ ಬಂಡವಾಳ, ಎಲ್ಲರಿಗೂ ಸೇರಿ; ಇದಕ್ಕೇ ಏರ್‌ಟೈಮ್ ಎನ್ನುವುದು. ಅದನ್ನು ಯಾರು, ಯಾವುದಕ್ಕೆ, ಎಷ್ಟು ಬಳಸುತ್ತಿದ್ದಾರೆ ಎಂದು ಲೆಕ್ಕ ಹಾಕದೆ ಮಲ್ಟಿಹಾಪ್ ಜಾಲವನ್ನು, ಅಂದರೆ ಒಂದಕ್ಕಿಂತ ಹೆಚ್ಚು ನೆಗೆತದಲ್ಲಿ (ಹಾಪ್) ತಲುಪುವ ಜಾಲವನ್ನು, ಸರಿಮಾಡಲು ಬರುವುದಿಲ್ಲ.

ಒಂದು ಫ್ರೇಮಿನ ಖರ್ಚು

ಹಳೆಯ 54 ಎಂಬಿಪಿಎಸ್ ವೈಫೈಯಿಂದ ಶುರುಮಾಡೋಣ, ಲೆಕ್ಕ ಸುಲಭ. 5 ಗಿಗಾಹರ್ಟ್ಸ್‌ನಲ್ಲಿ ಒಂದು ರೇಡಿಯೊ ಮಾತಾಡುವ ಮೊದಲು ಚಾನೆಲ್ ಖಾಲಿ ಇದೆಯೇ ಎಂದು 34 ಮೈಕ್ರೊಸೆಕೆಂಡ್ ಕಿವಿಗೊಡಬೇಕು. ಆಮೇಲೆ 0ಯಿಂದ 15ರೊಳಗೆ ಯಾವುದೋ ಒಂದು ಸಂಖ್ಯೆ ಆರಿಸಿ ಅಷ್ಟು ಸ್ಲಾಟ್ ಕಾಯಬೇಕು. ಒಂದು ಸ್ಲಾಟ್‌ಗೆ 9 ಮೈಕ್ರೊಸೆಕೆಂಡ್, ಸರಾಸರಿ 67.5. ನಂತರ 1500 ಬೈಟ್‌ನ ಪ್ಯಾಕೆಟ್, ವಿಳಾಸದ ಹೆಡರ್ ಮತ್ತು ಮುನ್ಸೂಚನೆಯ ಪ್ರಿಯಾಂಬಲ್ ಸೇರಿ (ಇದೇ ಒಂದು ಫ್ರೇಮ್) 248. ಮತ್ತೆ 16 ಬಿಡುವು, ಆಮೇಲೆ ತಲುಪಿತು ಎಂಬ ರಶೀದಿ, 28ರ ಎಸಿಕೆ. ಒಟ್ಟು ಸುಮಾರು 393 ಮೈಕ್ರೊಸೆಕೆಂಡಿನಲ್ಲಿ 12,000 ಬಿಟ್ ದಾಟಿತು, ಅಂದರೆ 30 ಎಂಬಿಪಿಎಸ್. ಯಾರ ಅಡ್ಡಿಯೂ ಇಲ್ಲದೆ, ಒಂದೇ ಒಂದು ತಪ್ಪೂ ಆಗದೆ ಸಿಗುವುದು ಇಷ್ಟು. ಉಳಿದ 24 ಹೋದದ್ದು ಕಾಯುವುದಕ್ಕೆ ಮತ್ತು ರಶೀದಿಗೆ.

ವೇಗ ಏರಿದಂತೆ ಈ ಅನುಪಾತ ಇನ್ನೂ ಹದಗೆಡುತ್ತದೆ, ಏಕೆಂದರೆ ಡೇಟಾ ಕಳಿಸುವ ಸಮಯ ಮಾತ್ರ ಕುಗ್ಗುತ್ತದೆ, ಕಾಯುವ ಸಮಯ ಹಾಗೇ ಉಳಿಯುತ್ತದೆ. 300 ಎಂಬಿಪಿಎಸ್‌ನ 802.11ಎನ್ (802.11 ಎಂಬುದು ವೈಫೈ ಮಾನದಂಡದ ಸಂಖ್ಯೆ) ಲಿಂಕಿನಲ್ಲಿ ಒಂದೊಂದೇ ಪ್ಯಾಕೆಟ್ ಕಳಿಸಿದರೆ ಕೈಗೆ ಬರುವುದು ಸುಮಾರು 54. ಅದಕ್ಕೇ ಹಲವು ಪ್ಯಾಕೆಟ್‌ಗಳನ್ನು ಕಂತೆ ಕಟ್ಟಿ ಒಂದೇ ಸಲಕ್ಕೆ ಕಳಿಸುವ ಅಗ್ರಿಗೇಶನ್ ಬಂತು. 32 ಪ್ಯಾಕೆಟ್‌ಗಳ ಕಂತೆಗೆ ಒಟ್ಟು 1,500 ಮೈಕ್ರೊಸೆಕೆಂಡ್ ಹಿಡಿದರೂ ಫಲ 255 ಎಂಬಿಪಿಎಸ್. ಹೊಸ ರೂಟರ್‌ಗಳಲ್ಲಿ ಇದು ತಾನಾಗಿಯೇ ಆನ್ ಇರುತ್ತದೆ, ಯಾರೋ ಯಾವುದೋ ಹಳೆಯ ಸಲಹೆ ಓದಿ ಆಫ್ ಮಾಡಿದ್ದರೆ ಮೊದಲು ಅದನ್ನು ಆನ್ ಮಾಡಿ. ಕಂತೆಯ ಒಂದು ಅಪಾಯ ನೆನಪಿರಲಿ: 1,500 ಮೈಕ್ರೊಸೆಕೆಂಡ್ ಉದ್ದದ ಕಂತೆಯ ಮಧ್ಯದಲ್ಲಿ ಬೇರೆಯವರು ಬಾಯಿ ಹಾಕಿದರೆ ಹಾಳಾಗುವುದೂ ಅಷ್ಟೇ ದೊಡ್ಡದು. ಗುಡ್ಡದ ಮೇಲಿನ ರಿಲೇ ವಿಷಯಕ್ಕೆ ಬಂದಾಗ ಇದು ಬೇಕಾಗುತ್ತದೆ.

ಹಾಪ್ ಹೆಚ್ಚಾದಂತೆ

ಫೈಬರ್ ಇರುವ ಮನೆ ಕ, ನೆತ್ತಿಯ ರಿಲೇ ಖ, ಆಚೆ ಕಣಿವೆಯ ಮನೆಗಳು ಗ ಮತ್ತು ಘ ಎಂದಿಟ್ಟುಕೊಳ್ಳಿ. ಎಲ್ಲವೂ ಒಂದೇ ಚಾನೆಲ್. ಕ ದಿಂದ ಬಂದದ್ದನ್ನು ಖ ಮೊದಲು ಕೇಳಿಸಿಕೊಳ್ಳಬೇಕು, ಆಮೇಲೆ ಹೇಳಬೇಕು; ಎರಡನ್ನೂ ಒಟ್ಟಿಗೆ ಮಾಡಲು ಒಂದು ರೇಡಿಯೊಗೆ ಆಗದು. ಕ–ಖ ಒಂದೇ ಅಳೆದಾಗ 62 ಎಂಬಿಪಿಎಸ್, ಖ–ಗ ಒಂದೇ ಅಳೆದಾಗ 48 ಬಂದರೆ, ಕ ದಿಂದ ಗ ಗೆ ಸಿಗಬೇಕಾದ್ದು 48 ಅಲ್ಲ. 1ನ್ನು 62ರಿಂದ ಭಾಗಿಸಿ, 1ನ್ನು 48ರಿಂದ ಭಾಗಿಸಿ, ಎರಡನ್ನೂ ಕೂಡಿಸಿ, ಬಂದ ಮೊತ್ತದಿಂದ ಮತ್ತೆ 1ನ್ನು ಭಾಗಿಸಿ: 27. ಈ ಸೂತ್ರವನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅಳತೆ ಮಾಡಿದಾಗ 25 ಬಂದರೆ ಜಾಲ ಆರೋಗ್ಯವಾಗಿದೆ. 14 ಬಂದರೆ ಎಲ್ಲೋ ಡಿಕ್ಕಿ ಆಗುತ್ತಿದೆ, ಮತ್ತು ಎಲ್ಲಿ ಎಂದು ಈಗಾಗಲೇ ಊಹಿಸಬಹುದು.

ಹಾಪ್ ಮೂರು ನಾಲ್ಕಾದರೆ? ಸಾಲಾಗಿ ನಿಂತ ನೋಡ್‌ಗಳಲ್ಲಿ, ಅಂದರೆ ಜಾಲದ ರೇಡಿಯೊಗಳಲ್ಲಿ, ಒಬ್ಬನ ದನಿ ಅವನ ಮಾತು ಅರ್ಥವಾಗುವ ದೂರಕ್ಕಿಂತ ಆಚೆಗೂ ಗದ್ದಲವಾಗಿ ಮುಟ್ಟುತ್ತದೆ. ಎಂಐಟಿಯ ಸಂಶೋಧಕರು 2001ರಲ್ಲಿ ತೋರಿಸಿದಂತೆ, ಉದ್ದನೆಯ ಸಾಲಿನಲ್ಲಿ ಅತ್ಯುತ್ತಮ ವೇಳಾಪಟ್ಟಿ ಹಾಕಿದರೂ ಒಂದು ಹಾಪ್‌ನ ನಾಲ್ಕನೇ ಒಂದು ಭಾಗ ಮಾತ್ರ ತುದಿ ಮುಟ್ಟುತ್ತದೆ, ಮಾಮೂಲು 802.11 ತನ್ನಷ್ಟಕ್ಕೆ ಓಡಿದಾಗ ಸಿಗುವುದು ಏಳನೇ ಒಂದು ಭಾಗದ ಆಸುಪಾಸು. ಅದಕ್ಕೂ ಒಂದು ವರ್ಷ ಮೊದಲೇ ಸಂಶೋಧಕರಾದ ಗುಪ್ತಾ ಮತ್ತು ಕುಮಾರ್ ಗಣಿತದಲ್ಲಿ ಹೇಳಿದ್ದರು, ನೋಡ್‌ಗಳ ಸಂಖ್ಯೆ ಏರಿದಂತೆ ತಲಾ ಪಾಲು ಇಳಿಯುತ್ತಲೇ ಹೋಗುತ್ತದೆ ಎಂದು. ಪಾಠ ಸರಳ: ಒಂದೇ ಚಾನೆಲ್‌ನಲ್ಲಿ ಎರಡು ಹಾಪ್‌ಗಿಂತ ಮುಂದೆ ಹೋಗಬೇಡಿ. ಮೂರನೆಯದು ಬೇಕೇಬೇಕಾದರೆ ಅದಕ್ಕೆ ಬೇರೆ ಚಾನೆಲ್, ಬೇರೆ ರೇಡಿಯೊ.

ನಿಧಾನದ ಲಿಂಕ್ ಎಲ್ಲರ ಪಾಲನ್ನೂ ತಿನ್ನುತ್ತದೆ

ಮಳೆಗಾಲದ ತೊಂದರೆಗೆ ಮಳೆಹನಿಯನ್ನು ಬೈಯುವುದು ವಾಡಿಕೆ. 5.8 ಗಿಗಾಹರ್ಟ್ಸ್‌ನಲ್ಲಿ ಗಂಟೆಗೆ 100 ಮಿಲಿಮೀಟರ್ ಲೆಕ್ಕದಲ್ಲಿ ಸುರಿಯುವ ಮಳೆಗೂ ಕಿಲೋಮೀಟರಿಗೆ ಹೆಚ್ಚೆಂದರೆ 1 ಡೆಸಿಬೆಲ್ (ಸಿಗ್ನಲ್ ಬಲದ ಏರಿಳಿತದ ಅಳತೆ) ಹೋದೀತು. ಆಗುಂಬೆಯ ಮಳೆಯಾದರೂ ಎರಡು ಕಿಲೋಮೀಟರ್ ಲಿಂಕನ್ನು ಹನಿಗಳೇ ಕೆಡವುವುದಿಲ್ಲ. ಕೆಡವುವುದು ಎಲೆ. ಎಲೆಗಳಲ್ಲಾಗುವ ನಷ್ಟ ಅಂದಾಜಿಸುವ ವೈಸ್‌ಬರ್ಗರ್ ಸೂತ್ರ ಹಾಕಿ ನೋಡಿದರೆ 30 ಮೀಟರ್ ದಪ್ಪದ ಹಸಿರಿಗೆ 5.8 ಗಿಗಾಹರ್ಟ್ಸ್‌ನಲ್ಲಿ 16 ಡೆಸಿಬೆಲ್, 2.4ರಲ್ಲಿ 12.6 ಡೆಸಿಬೆಲ್ ನಷ್ಟ. ಎಲೆ ತೊಯ್ದು ತೊಟ್ಟಿಕ್ಕುತ್ತಿದ್ದರೆ ಇನ್ನೂ ಹೆಚ್ಚು. ಡಿಸೆಂಬರಿನಲ್ಲಿ ಮರಗಳ ನಡುವಿನ ಸಂದಿಯಲ್ಲಿ ನುಸುಳಿ ಬರುತ್ತಿದ್ದ ಲಿಂಕ್ ಪುಷ್ಯ ಮಳೆಗೆ ಪೂರ್ತಿ ಸಾಯುವುದಿಲ್ಲ. ಸತ್ತಿದ್ದರೇ ವಾಸಿಯಿತ್ತು. ಅದು ನಿಧಾನವಾಗುತ್ತದೆ.

ಗ ಮನೆಯವರು 5 ಎಂಬಿಪಿಎಸ್‌ನ ಒಂದು ವಿಡಿಯೊ ನೋಡುತ್ತಿದ್ದಾರೆ. ಎರಡೂ ಹಾಪ್ 60 ಕೊಡುವಾಗ ಅದಕ್ಕೆ ಬೇಕಾದ ಸಮಯ 60ರಲ್ಲಿ 5, ಎರಡು ಸಲ: ಚಾನೆಲ್‌ನ ಶೇ 17. ಖ–ಗ ಲಿಂಕ್ 10ಕ್ಕೆ ಇಳಿಯಿತು ಅನ್ನಿ. ಈಗ ಅದೇ ವಿಡಿಯೊ 60ರಲ್ಲಿ 5 ಮತ್ತು 10ರಲ್ಲಿ 5, ಒಟ್ಟು ಶೇ 58 ತಿನ್ನುತ್ತದೆ. ಗ ಮನೆಯಲ್ಲಿ ವಿಡಿಯೊ ಚೆನ್ನಾಗಿಯೇ ಓಡುತ್ತಿರುತ್ತದೆ! ದೂರು ಬರುವುದು ಘ ಮನೆಯಿಂದ, ಯಾರ ಲಿಂಕ್ ಗಟ್ಟಿಯಾಗಿದೆಯೋ ಅವರಿಂದ. ಅವರ ಡಿಶ್ ತಿರುಗಿಸುತ್ತಾ, ರೂಟರ್ ಬದಲಿಸುತ್ತಾ ವಾರ ಕಳೆಯುವುದು ಇದೇ ಕಾರಣಕ್ಕೆ.

ಮಾಮೂಲು ವೈಫೈ ಎಲ್ಲರಿಗೂ ಸಮನಾಗಿ ಹಂಚುವುದು ಸರದಿಯನ್ನು, ಸಮಯವನ್ನಲ್ಲ. ಇಲ್ಲಿ ನಿಧಾನದವನ ಸರದಿ ಆರು ಪಟ್ಟು ಉದ್ದ. ಇದಕ್ಕೆ ಲಿನಕ್ಸ್‌ನಲ್ಲಿ ಏರ್‌ಟೈಮ್ ಫೇರ್‌ನೆಸ್ ಎಂಬ ಪರಿಹಾರವಿದೆ; ಪ್ರತಿ ಸ್ಟೇಶನ್ (ಸೇರಿಕೊಂಡ ರೇಡಿಯೊ) ಎಷ್ಟು ಮೈಕ್ರೊಸೆಕೆಂಡ್ ಬಳಸಿತು ಎಂದು ಲೆಕ್ಕವಿಟ್ಟು, ಸಾಲ ಮಾಡಿದವರನ್ನು ಸರದಿಯಲ್ಲಿ ಹಿಂದೆ ತಳ್ಳುತ್ತದೆ. ಎಟಿಎಚ್9ಕೆ, ಎಟಿಎಚ್10ಕೆ, ಎಂಟಿ76 ಎಂಬ ವೈಫೈ ಚಿಪ್ ಡ್ರೈವರ್‌ಗಳಲ್ಲಿ ಇದು ಕೆಲಸ ಮಾಡುತ್ತದೆ. ರೂಟರ್ ಕೊಳ್ಳುವಾಗ ಡಬ್ಬದ ಮೇಲಿನ ಎಂಬಿಪಿಎಸ್ ಬಿಟ್ಟು ಒಳಗಿನ ಚಿಪ್ ಯಾವುದು, ಓಪನ್‌ಡಬ್ಲ್ಯುಆರ್‌ಟಿ ಎಂಬ ಲಿನಕ್ಸ್ ಆಧಾರಿತ ತಂತ್ರಾಂಶ ಕೂರುತ್ತದೆಯೇ ಎಂದು ಕೇಳಿ. ಅಂಗಡಿಯವರಿಗೆ ಗೊತ್ತಿರುವುದಿಲ್ಲ, ಮಾಡೆಲ್ ನಂಬರ್ ಮತ್ತು ಹಾರ್ಡ್‌ವೇರ್ ಆವೃತ್ತಿ ನೋಡಿ ನೀವೇ ಹುಡುಕಬೇಕು. ಒಂದೇ ಮಾಡೆಲ್‌ನ ಎರಡು ಆವೃತ್ತಿಗಳಲ್ಲಿ ಬೇರೆ ಬೇರೆ ಚಿಪ್ ಇರುವುದು ಮಾಮೂಲು.

ನೆತ್ತಿಯ ರಿಲೇ ಎಂಬ ಇಕ್ಕಟ್ಟು

ಬಯಲುಸೀಮೆಯಲ್ಲಿ ನೋಡ್‌ಗಳು ಒಂದರ ಸದ್ದು ಒಂದಕ್ಕೆ ಸ್ವಲ್ಪವಾದರೂ ಕೇಳುವಂತಿರುತ್ತವೆ. ನಮ್ಮಲ್ಲಿ ಗುಡ್ಡವೇ ಗೋಡೆ. ನೆತ್ತಿಯಲ್ಲಿ ನಿಂತವನಿಗೆ ಎರಡೂ ಕಣಿವೆಯ ಕೂಗು ಕೇಳುತ್ತದೆ. ಒಂದು ಕಣಿವೆಯವರು ಕೂಗುತ್ತಿದ್ದಾರೆ ಎಂಬುದು ಇನ್ನೊಂದು ಕಣಿವೆಯವರಿಗೆ ತಿಳಿಯುವುದೇ ಇಲ್ಲ, ಇಬ್ಬರೂ ಒಟ್ಟಿಗೆ ಕೂಗಿದರೆ ನೆತ್ತಿಯವನಿಗೆ ಯಾವುದೂ ಅರ್ಥವಾಗದು. ಹಿಡನ್ ಟರ್ಮಿನಲ್ ಎಂದು ಪಠ್ಯಗಳು ಹೇಳುವ ಈ ಸಮಸ್ಯೆ ಮಲೆನಾಡಿನ ಮೆಶ್‌ನಲ್ಲಿ ಅಪರೂಪದ್ದಲ್ಲ, ಜಾಲದ ಆಕಾರವೇ ಅದು.

ವೈಫೈ ರೇಡಿಯೊ 20 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ ಇನ್ನೊಂದು ವೈಫೈಯನ್ನು −82 ಡಿಬಿಎಂ (ಸಿಗ್ನಲ್ ಬಲದ ಅಳತೆ; −82ಕ್ಕಿಂತ −62 ಗಟ್ಟಿ) ಮಟ್ಟದವರೆಗೆ ಗುರುತಿಸಿ ಸುಮ್ಮನಿರಬೇಕು. ಕ ಮತ್ತು ಗ ನಡುವೆ ಗುಡ್ಡ ಇದ್ದರೆ ಅಷ್ಟೂ ಮುಟ್ಟುವುದಿಲ್ಲ. ಕ ತನ್ನ 1,500 ಮೈಕ್ರೊಸೆಕೆಂಡಿನ ಡೌನ್‌ಲೋಡ್ ಕಂತೆಯನ್ನು ಖ ಗೆ ಕಳಿಸುತ್ತಿರುವಾಗಲೇ, ಚಾನೆಲ್ ಖಾಲಿ ಇದೆ ಎಂದುಕೊಂಡ ಗ ತನ್ನ ಟಿಸಿಪಿ ಎಸಿಕೆಯನ್ನು, ಅಂದರೆ ಡೌನ್‌ಲೋಡ್ ತಲುಪಿತೆಂಬ ರಶೀದಿಯನ್ನು, ಕಳಿಸುತ್ತದೆ. ಎರಡೂ ಹಾಳು. ಇಬ್ಬರೂ ಕಾಯುವ ಕಿಟಕಿಯನ್ನು 15ರಿಂದ 31ಕ್ಕೆ, 63ಕ್ಕೆ, ಹೀಗೆ 1023ರವರೆಗೆ ಹಿಗ್ಗಿಸುತ್ತಾರೆ. ಇದರ ಮೇಲೆ ಇನ್ನೊಂದು ಅನ್ಯಾಯ: ಡಿಕ್ಕಿಯಾದಾಗ ಜೋರು ದನಿಯವನದ್ದು ಕೆಲವೊಮ್ಮೆ ಉಳಿದುಬಿಡುತ್ತದೆ. ನೆತ್ತಿಗೆ ಹತ್ತಿರದ ಮನೆಗೆ ನೆಟ್ ಸಿಗುತ್ತದೆ, ದೂರದ ಮನೆ ಉಪವಾಸ.

ಪತ್ತೆ ಮಾಡುವುದು ಕಷ್ಟವಲ್ಲ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಐಡಬ್ಲ್ಯು ಆಜ್ಞೆಯ ಸ್ಟೇಶನ್ ಡಂಪ್ ತೆಗೆದು, ಪ್ರತಿ ಸ್ಟೇಶನ್‌ನ ಸಿಗ್ನಲ್, ಟಿಎಕ್ಸ್ (ಕಳಿಸಿದ) ಪ್ಯಾಕೆಟ್, ಟಿಎಕ್ಸ್ ರಿಟ್ರೈ (ಮತ್ತೆ ಕಳಿಸಿದ್ದು) ನೋಡಿ. ಸಿಗ್ನಲ್ −62ರಂತೆ ಗಟ್ಟಿ ಇದ್ದೂ ರಿಟ್ರೈ ಪ್ರಮಾಣ ಶೇ 10 ದಾಟಿ ಏರುತ್ತಿದ್ದರೆ ಡಿಕ್ಕಿ. ಸಿಗ್ನಲ್ −80ರ ಹತ್ತಿರವಿದ್ದು ರಿಟ್ರೈ ಜಾಸ್ತಿಯಾದರೆ ಮರವೋ, ಡಿಶ್ ತಿರುಗಿದ್ದೋ, ಕನೆಕ್ಟರ್‌ಗೆ ನೀರು ಹೋದದ್ದೋ. ಇನ್ನೊಂದು ಪರೀಕ್ಷೆ: ಗ ಮತ್ತು ಘ ಮನೆಗಳನ್ನು ಸುಮ್ಮನಿರಿಸಿ ಕ–ಖ ಮಾತ್ರ ಐಪರ್ಫ್ ಎಂಬ ವೇಗ ಅಳೆಯುವ ತಂತ್ರಾಂಶದಿಂದ ಅಳೆಯಿರಿ. ಆಮೇಲೆ ಗ ದಿಂದ ಖ ಗೆ ಬರೇ 2 ಎಂಬಿಪಿಎಸ್ ಯುಡಿಪಿ (ಟಿಸಿಪಿ ರಶೀದಿಗೆ ಕಾಯದ ಡೇಟಾ) ಹರಿಯಲು ಬಿಟ್ಟು ಕ–ಖ ಮತ್ತೆ ಅಳೆಯಿರಿ. 62 ಇದ್ದದ್ದು 55ಕ್ಕೆ ಇಳಿದರೆ ನ್ಯಾಯ, 30ಕ್ಕೆ ಬಿದ್ದರೆ ರೋಗ ಖಚಿತ.

ಪರಿಹಾರ ಮೂರು ಮೆಟ್ಟಿಲು. ಮೊದಲನೆಯದು ಪುಕ್ಕಟೆ: ಆರ್‌ಟಿಎಸ್ ಆನ್ ಮಾಡುವುದು. ಕಳಿಸುವವನು ಚಿಕ್ಕ ಆರ್‌ಟಿಎಸ್ (ಕಳಿಸಲೇ ಎಂಬ ಕೇಳಿಕೆ) ಕಳಿಸುತ್ತಾನೆ, ಖ ಅದಕ್ಕೆ ಸಿಟಿಎಸ್ (ಕಳಿಸು ಎಂಬ ಒಪ್ಪಿಗೆ) ಕೊಡುತ್ತದೆ, ಆ ಸಿಟಿಎಸ್ ಆಚೆ ಕಣಿವೆಗೂ ಕೇಳುವುದರಿಂದ ಅಲ್ಲಿಯವರು ಬಾಯಿ ಮುಚ್ಚುತ್ತಾರೆ. 6 ಎಂಬಿಪಿಎಸ್ ದರದಲ್ಲಿ ಈ ವಿನಿಮಯಕ್ಕೆ 128 ಮೈಕ್ರೊಸೆಕೆಂಡ್, 24ರ ದರದಲ್ಲಿ 88. 393 ಮೈಕ್ರೊಸೆಕೆಂಡಿನ ಹಳೆಯ ಒಂಟಿ ಫ್ರೇಮಿಗೆ ಇದು ದುಬಾರಿ, ಹಾಗಾಗಿಯೇ ಆರ್‌ಟಿಎಸ್ ಬೇಡ ಎಂಬ ಹಳೆಯ ಮಾತು ಹುಟ್ಟಿದ್ದು. 1,500ರ ಕಂತೆಗೆ ಅದೇ 88 ಅಂದರೆ ಶೇ 6 ಅಷ್ಟೇ, ಕೊಡಬಹುದಾದ ಬೆಲೆ. ಆರ್‌ಟಿಎಸ್ ಮಿತಿಯನ್ನು 500 ಬೈಟ್ ಸುತ್ತ ಇಡಿ, ಎರಡೂ ಕಣಿವೆಯ ಎಲ್ಲ ನೋಡ್‌ಗಳಲ್ಲೂ. ಖ ಒಂದರಲ್ಲಿ ಮಾತ್ರ ಇಟ್ಟರೆ ಪ್ರಯೋಜನವಿಲ್ಲ, ಅದರ ಮಾತು ಎಲ್ಲರಿಗೂ ಮೊದಲೇ ಕೇಳುತ್ತದೆ.

ಎರಡನೆಯದಕ್ಕೆ ದುಡ್ಡು ಬೇಕು, ಆದರೆ ಇಡೀ ಜಾಲದಲ್ಲಿ ಇದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ: ನೆತ್ತಿಯಲ್ಲಿ ಎರಡು ರೇಡಿಯೊ. ಕ ಕಡೆಗೆ ಒಂದು, 149ನೇ ಚಾನೆಲ್. ಗ, ಘ ಕಡೆಗೆ ಇನ್ನೊಂದು, 165ನೇ ಚಾನೆಲ್, ಎರಡೂ 20 ಮೆಗಾಹರ್ಟ್ಸ್ ಅಗಲ. ಕ ಮತ್ತು ಗ ನಡುವಿನ ಡಿಕ್ಕಿ ಅಲ್ಲಿಗೆ ಮುಗಿಯಿತು. ಮೇಲಿನ ಸೂತ್ರವೂ ಬದಲಾಗುತ್ತದೆ, 27 ಹೋಗಿ ಎರಡರಲ್ಲಿ ಕಡಿಮೆಯದು, ಅಂದರೆ 48. ಒಂದೇ ಕಂಬದ ಎರಡು ರೇಡಿಯೊಗಳಲ್ಲಿ ಪಕ್ಕಪಕ್ಕದ ಚಾನೆಲ್ ಬೇಡ. 20 ಡಿಬಿಎಂ ಕಳಿಸುವ ರೇಡಿಯೊದಿಂದ ಪಕ್ಕದ ಡಿಶ್‌ಗೆ 50 ಡೆಸಿಬೆಲ್ ತಡೆ ಇದ್ದರೂ −30 ಡಿಬಿಎಂ ನುಗ್ಗುತ್ತದೆ. ಪಾಪ, ಅದು ದೂರದ −65ರ ಪಿಸುಮಾತಿಗೆ ಕಿವಿಗೊಟ್ಟು ಕೂತಿರುತ್ತದೆ. ಡಿಶ್‌ಗಳ ಬೆನ್ನಿಗೆ ಬೆನ್ನು ಇರಲಿ, ಮೇಲೆ ಕೆಳಗೆ ಒಂದೂವರೆ ಎರಡು ಮೀಟರ್ ಅಂತರವಿರಲಿ. ರೇಡಾರ್ ನಿಯಮ ಇರುವ ಮಧ್ಯದ ಚಾನೆಲ್‌ಗಳನ್ನು ರಿಲೇಗೆ ಇಡಬೇಡಿ: ಪ್ರತಿ ಸಲ ಶುರುವಾಗುವ ಮೊದಲು ಕನಿಷ್ಠ 60 ಸೆಕೆಂಡ್ ಕಿವಿಗೊಡಬೇಕು, ರೇಡಾರ್ ಎಂದು ಅನುಮಾನ ಬಂದರೆ ಜಾಗ ಖಾಲಿ ಮಾಡಬೇಕು, ಕರೆಂಟು ಹೋಗಿ ಬಂದು ಮಾಡುವ ಊರಿನಲ್ಲಿ ಇದು ಕಿರಿಕಿರಿ.

ನೆತ್ತಿಯಲ್ಲಿ ಕರೆಂಟೇ ಇಲ್ಲದಿದ್ದರೆ ಎರಡನೇ ರೇಡಿಯೊದ ನಿಜವಾದ ಬೆಲೆ ಬ್ಯಾಟರಿ. 6 ವ್ಯಾಟ್‌ನ ಒಂದು ರೇಡಿಯೊ 12 ವೋಲ್ಟ್‌ನಲ್ಲಿ ದಿನಕ್ಕೆ 12 ಆಂಪಿಯರ್-ಗಂಟೆ ಕುಡಿಯುತ್ತದೆ. ಜುಲೈನಲ್ಲಿ ಮೂರು ದಿನ ಸೂರ್ಯ ಕಾಣದಿದ್ದರೆ 36. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಅಂದರೆ 72, ಲಿಥಿಯಂ ಐರನ್ ಫಾಸ್ಫೇಟ್ ಆದರೆ 45. ಇದು ಒಂದು ರೇಡಿಯೊಗೆ.

ಮೂರನೇ ಮೆಟ್ಟಿಲು ಟಿಡಿಎಂಎ. ಕಿವಿಗೊಟ್ಟು ಮಾತಾಡುವ ಪದ್ಧತಿಯನ್ನೇ ಬಿಟ್ಟು, ಖ ಎಲ್ಲರಿಗೂ ಹೊತ್ತು ಹಂಚಿಕೊಡುತ್ತದೆ. ಯುಬಿಕ್ವಿಟಿಯ ಏರ್‌ಮ್ಯಾಕ್ಸ್, ಮೈಕ್ರೋಟಿಕ್‌ನ ಎನ್‌ವಿ2 ಮಾಡುವುದು ಇದನ್ನೇ. ಕಂಪನಿ ಯಾವುದಾದರೂ ಆ ತುಂಡಿನ ಎಲ್ಲ ನೋಡ್‌ಗಳೂ ಅದೇ ಕಂಪನಿಯವಾಗಬೇಕು, ಮೊಬೈಲು ಲ್ಯಾಪ್‌ಟಾಪು ನೇರವಾಗಿ ಸೇರಲು ಬರುವುದಿಲ್ಲ. ಎನ್‌ವಿ2ನಲ್ಲಿ ಸೆಲ್ ರೇಡಿಯಸ್ (ಅತಿ ದೂರದ ನೋಡ್‌ನವರೆಗಿನ ಅಂತರ) 30 ಕಿಲೋಮೀಟರ್ ಎಂದು ಮೊದಲೇ ಇರುತ್ತದೆ. 10ಕ್ಕೆ ಇಳಿಸಿ, ಎರಡು ಕಿಲೋಮೀಟರ್ ಕಣಿವೆಗೆ ಅದೇ ಧಾರಾಳ.

ಈ ವಿಷಯದಲ್ಲಿ ನಮ್ಮ ದೇಶದಲ್ಲೇ ಒಳ್ಳೆಯ ಕೆಲಸ ನಡೆದಿದೆ. ಐಐಟಿ ಕಾನ್ಪುರದ ಡಿಜಿಟಲ್ ಗಂಗೆಟಿಕ್ ಪ್ಲೇನ್ಸ್ ಯೋಜನೆಯಲ್ಲಿ ಹಳ್ಳಿಗಳನ್ನು ವೈಫೈ ಡಿಶ್‌ಗಳಿಂದ ಜೋಡಿಸುವಾಗ ಭಾಸ್ಕರನ್ ರಾಮನ್ ಮತ್ತು ಕಾಮೇಶ್ವರಿ ಚೆಬ್ರೋಲು 2005ರಲ್ಲಿ 2ಪಿ ಎಂಬ ಪ್ರೊಟೊಕಾಲ್ ಮುಂದಿಟ್ಟರು. ಒಂದೇ ಕಂಬದಲ್ಲಿ ಹಲವು ಡಿಶ್, ಎಲ್ಲವೂ ಒಂದೇ ಚಾನೆಲ್. ಒಂದು ಕಳಿಸುವಾಗ ಇನ್ನೊಂದು ಕೇಳಿದರೆ ಪಕ್ಕದ ಸೋರಿಕೆಯಿಂದ ಕೆಡುತ್ತದೆ; ಆದರೆ ಎಲ್ಲವೂ ಒಟ್ಟಿಗೆ ಕಳಿಸಿದರೆ, ಆಮೇಲೆ ಎಲ್ಲವೂ ಒಟ್ಟಿಗೆ ಕೇಳಿದರೆ ಕೆಡುವುದಿಲ್ಲ. ಕಂಬಗಳು ಸರದಿಯಂತೆ ಮಾತು-ಮೌನ ಬದಲಿಸುತ್ತಾ ಹೋಗುತ್ತವೆ, ಲಿಂಕ್ ಒಂದು ಕ್ಷಣವೂ ಖಾಲಿ ಕೂರುವುದಿಲ್ಲ. ಷರತ್ತು ಒಂದೇ, ಜಾಲದಲ್ಲಿ ಬೆಸ ಸಂಖ್ಯೆಯ ಸುತ್ತು ಇರಬಾರದು. ಮೂರು ಗುಡ್ಡಗಳನ್ನು ತ್ರಿಕೋನವಾಗಿ ಜೋಡಿಸಿದರೆ ಈ ಸರದಿ ಹೊಂದುವುದೇ ಇಲ್ಲ. ನೀವು ಟಿಡಿಎಂಎ ಕೊಳ್ಳದಿದ್ದರೂ ಈ ಷರತ್ತು ನೆನಪಿಟ್ಟು ಜಾಲವನ್ನು ಮರದ ಕೊಂಬೆಗಳಂತೆ ಹರಡಿ. ಮುಂದೆ ಬದಲಿಸುವಾಗ ಡಿಶ್ ಕೀಳಬೇಕಾಗುವುದಿಲ್ಲ.

ಡಿಶ್ ದೊಡ್ಡದು, ಪವರ್ ಚಿಕ್ಕದು

ಡಿಶ್‌ನಿಂದ ಹೊರಬೀಳುವ ಒಟ್ಟು ಶಕ್ತಿಯ ಮಿತಿ 36 ಡಿಬಿಎಂ, ಅಂದರೆ 4 ವ್ಯಾಟ್ ಎಂದು ಇಟ್ಟುಕೊಳ್ಳೋಣ. 5 ಕಿಲೋಮೀಟರಿಗೆ 5.8 ಗಿಗಾಹರ್ಟ್ಸ್‌ನಲ್ಲಿ ಬರೀ ಗಾಳಿಯ ನಷ್ಟ 121.7 ಡೆಸಿಬೆಲ್. ಎರಡೂ ಕಡೆ 16 ಡಿಬಿಐ (ಸಿಗ್ನಲನ್ನು ಒಂದೇ ದಿಕ್ಕಿಗೆ ಒಟ್ಟುಗೂಡಿಸುವ ಬಲದ ಅಳತೆ) ಆಂಟೆನಾ, ರೇಡಿಯೊ 20 ಡಿಬಿಎಂ ಆದರೆ ಆಚೆ ಸಿಗುವುದು −70. ಎರಡೂ ಕಡೆ 23 ಡಿಬಿಐ ಡಿಶ್ ಹಾಕಿ ರೇಡಿಯೊವನ್ನು 13ಕ್ಕೆ ಇಳಿಸಿದರೆ? ಹೊರಬೀಳುವುದು ಅದೇ 36, ಸಿಗುವುದು −63. ಕೇಳಿಸಿಕೊಳ್ಳುವ ಡಿಶ್ 7 ಡೆಸಿಬೆಲ್ ಜಾಸ್ತಿ ಹಿಡಿಯಿತು. ಈ 7 ಡೆಸಿಬೆಲ್ಲೇ ತೊಯ್ದ ಎಲೆಗೆ ಇಟ್ಟ ಮೀಸಲು. ಬೀಮ್ ಕಿರಿದಾದ್ದರಿಂದ ಪಕ್ಕದ ಕಣಿವೆಗೆ ಚೆಲ್ಲುವ ಗದ್ದಲವೂ ಕಡಿಮೆ, ಅಲ್ಲಿ ಅದೇ ಚಾನೆಲನ್ನು ಮತ್ತೆ ಬಳಸಬಹುದು. ಡಿಕ್ಕಿ ಹುಟ್ಟಿಸಿದ ಅದೇ ಗುಡ್ಡ ಇಲ್ಲಿ ಉಪಕಾರಿ.

ಕಿರಿದಾದ ಬೀಮನ್ನು ಅಡಿಕೆ ಮರಕ್ಕೆ ಕಟ್ಟಬೇಡಿ. ಗಾಳಿಗೆ ತೂಗಾಡುವ ಮರದಲ್ಲಿ ಲಿಂಕ್ ಸೆಕೆಂಡಿಗೊಮ್ಮೆ ಏರಿಳಿಯುತ್ತದೆ, ರೇಡಿಯೊ ಹೊಸ ದರ ಹುಡುಕುತ್ತಾ ರಿಟ್ರೈಗಳಲ್ಲೇ ಏರ್‌ಟೈಮ್ ಕಳೆಯುತ್ತದೆ. ಜಿಐ ಪೈಪು, ಮೂರು ಕಡೆ ಗೈ ವೈರು. ಎತ್ತರದ ಲೆಕ್ಕಕ್ಕೆ: 2 ಕಿಲೋಮೀಟರ್ ಲಿಂಕಿನ ನಟ್ಟನಡುವೆ ಫ್ರೆನೆಲ್ ವಲಯದ (ನೇರ ಗೆರೆಯ ಸುತ್ತ ಅಲೆ ಸಾಗುವ ಜಾಗ) ಅರೆವ್ಯಾಸ 5 ಮೀಟರ್, ಅದರ ಶೇ 60 ಆದರೂ, ಅಂದರೆ 3 ಮೀಟರ್, ಮರದ ತಲೆಯಿಂದ ಮೇಲೆ ಖಾಲಿ ಇರಬೇಕು. 5 ಕಿಲೋಮೀಟರಿಗೆ ಅದು 4.8. ಅಡಿಕೆ, ಸಿಲ್ವರ್ ಓಕ್ ಬೆಳೆಯುತ್ತಲೇ ಇರುತ್ತವೆ ಎಂಬುದನ್ನೂ ಸೇರಿಸಿಕೊಳ್ಳಿ.

ಚಾನೆಲ್ ಅಗಲ ದುಪ್ಪಟ್ಟಾದಾಗಲೆಲ್ಲ ಗದ್ದಲದ ಮಟ್ಟ 3 ಡೆಸಿಬೆಲ್ ಏರುತ್ತದೆ, ಬೇರೆ ಬೇರೆ ಇಡಲು ಸಿಗುವ ಚಾನೆಲ್‌ಗಳು ಅರ್ಧವಾಗುತ್ತವೆ. ಮಲ್ಟಿಹಾಪ್‌ಗೆ 20, ತೀರಾ ಗಟ್ಟಿಯಾದ ಒಂದು ಬೆನ್ನೆಲುಬು ಲಿಂಕಿಗೆ 40. 80 ಮನೆಯೊಳಗಿನ ಆಟ.

ದಾರಿ ಆರಿಸುವುದು

ಖ ಮೂಲಕ ಸುತ್ತಿ ಬರುವ ಬದಲು ಕ ದಿಂದ ಘ ಗೆ ಮರಗಳ ನಡುವೆ ನೇರ ಲಿಂಕೂ ಹೇಗೋ ಸಿಕ್ಕಿದೆ ಅನ್ನಿ, 6.5 ಎಂಬಿಪಿಎಸ್. ಹಾಪ್ ಎಣಿಸುವ ರೂಟಿಂಗ್ ಆದರೆ ಒಂದು ಎರಡಕ್ಕಿಂತ ಚಿಕ್ಕದು ಎಂದು ನೇರ ದಾರಿ ಹಿಡಿಯುತ್ತದೆ. ಇಟಿಎಕ್ಸ್ ಎಂಬ ಅಳತೆ ಸ್ವಲ್ಪ ಜಾಣ, ಒಂದು ಪ್ಯಾಕೆಟ್ ದಾಟಲು ಸರಾಸರಿ ಎಷ್ಟು ಸಲ ಕಳಿಸಬೇಕು ಎಂದು ಎಣಿಸುತ್ತದೆ. ಹೋಗುವಾಗ ಶೇ 90, ಬರುವಾಗ ಶೇ 80 ದಾಟಿದರೆ 1ನ್ನು 0.72ರಿಂದ ಭಾಗಿಸಿ 1.39. ಆದರೆ ಅದರ ಪರೀಕ್ಷಾ ಪ್ಯಾಕೆಟ್‌ಗಳು ಬ್ರಾಡ್‌ಕಾಸ್ಟ್ (ಎಲ್ಲರಿಗೂ ಒಟ್ಟಿಗೆ) ಆಗಿ ಅತಿ ನಿಧಾನದ ದರದಲ್ಲಿ ಹೋಗುವುದರಿಂದ ಎಲ್ಲ ಲಿಂಕೂ ಚೆಂದವಾಗಿಯೇ ಕಾಣುತ್ತದೆ. ವೇಗವನ್ನೂ ಸೇರಿಸಿ ಸಮಯದಲ್ಲಿ ಎಣಿಸಿ ನೋಡಿ. ನೇರ ದಾರಿ: 1.1 ಸಲ, 12,000 ಬಿಟ್, 6.5 ಎಂಬಿಪಿಎಸ್, ಸುಮಾರು 2,030 ಮೈಕ್ರೊಸೆಕೆಂಡ್. ಸುತ್ತು ದಾರಿ: 65 ಎಂಬಿಪಿಎಸ್‌ನ ಎರಡು ಹಾಪ್, ತಲಾ 1.2 ಸಲ, ಸುಮಾರು 443. ಸುತ್ತಿ ಬಂದರೇ ನಾಲ್ಕೂವರೆ ಪಟ್ಟು ಅಗ್ಗ. ಮೆಶ್‌ಗೆಂದೇ ಇರುವ ವೈಫೈ ಮಾನದಂಡ 802.11ಎಸ್‌ನ ಏರ್‌ಟೈಮ್ ಮೆಟ್ರಿಕ್ ಹೀಗೇ ಎಣಿಸುತ್ತದೆ, ಬ್ಯಾಟ್‌ಮ್ಯಾನ್ ಎಂಬ ಮೆಶ್ ರೂಟಿಂಗ್ ಪ್ರೊಟೊಕಾಲಿನ ಐದನೇ ಆವೃತ್ತಿ ವೇಗವನ್ನು ನೋಡುತ್ತದೆ, ನಾಲ್ಕನೆಯದು ನೋಡುವುದಿಲ್ಲ.

ಸಣ್ಣ ಸೋರಿಕೆಗಳು

ಬೀಕನ್. ನಾನಿಲ್ಲಿದ್ದೇನೆ ಎಂದು ರೂಟರ್ ಆಗಾಗ ಕೂಗುವ 250 ಬೈಟ್‌ನ ಒಂದು ಬೀಕನ್ 2.4 ಗಿಗಾಹರ್ಟ್ಸ್‌ನಲ್ಲಿ 1 ಎಂಬಿಪಿಎಸ್ ದರಕ್ಕೆ ಹೋದರೆ 2.2 ಮಿಲಿಸೆಕೆಂಡ್, ಪ್ರತಿ 102.4 ಮಿಲಿಸೆಕೆಂಡಿಗೊಮ್ಮೆ, ಒಂದು ಎಸ್‌ಎಸ್‌ಐಡಿಗೆ (ವೈಫೈ ಹೆಸರಿಗೆ) ಚಾನೆಲ್‌ನ ಶೇ 2.1. ಮನೆಗೆ, ಅತಿಥಿಗೆ, ಕ್ಯಾಮೆರಾಗೆ ಎಂದು ಮೂರು ಹೆಸರು, ನಾಲ್ಕು ನೋಡ್, ನೆತ್ತಿಗೆ ಎಲ್ಲವೂ ಕೇಳುತ್ತದೆ: ಯಾರೂ ಏನೂ ಮಾಡದೆ ಶೇ 26 ಹೋಯಿತು. 802.11ಬಿ ಎಂಬ ಹಳೆಯ ನಿಧಾನದ ದರಗಳನ್ನು ಕಿತ್ತು ಕನಿಷ್ಠ ದರ 6 ಮಾಡಿದರೆ ಅದೇ ಹನ್ನೆರಡು ಬೀಕನ್‌ಗಳಿಗೆ ಶೇ 4.2. ಒಂದೇ ಹೆಸರು ಸಾಕು ಅಂದುಕೊಂಡರೆ ಇನ್ನೂ ಕಡಿಮೆ. ಬ್ರಾಡ್‌ಕಾಸ್ಟ್‌ದೂ ಇದೇ ಕಥೆ. ಬ್ಯಾಟ್‌ಮ್ಯಾನ್ ವೈಫೈಯಲ್ಲಿ ಪ್ರತಿ ಬ್ರಾಡ್‌ಕಾಸ್ಟನ್ನು ಮೂರು ಸಲ ಕಳಿಸುತ್ತದೆ, ಪ್ರತಿ ನೋಡ್‌ನಲ್ಲೂ. ಮೆಶ್ ಇಂಟರ್‌ಫೇಸ್‌ನ ಮಲ್ಟಿಕಾಸ್ಟ್ ದರವನ್ನು 12 ಎಂಬಿಪಿಎಸ್‌ಗೆ ಏರಿಸಿ. ಮೊಬೈಲುಗಳಿಗೆ 2.4 ಗಿಗಾಹರ್ಟ್ಸ್ ಬಿಟ್ಟುಕೊಡಿ, ಬೆನ್ನೆಲುಬಿನ ಚಾನೆಲ್‌ಗೆ ಒಂದೂ ಸೇರದಿರಲಿ.

ದೂರದ ಸೆಟ್ಟಿಂಗ್. ರೇಡಿಯೊ ಅಲೆಗೆ ಕಿಲೋಮೀಟರಿಗೆ 3.3 ಮೈಕ್ರೊಸೆಕೆಂಡ್, 5 ಕಿಲೋಮೀಟರ್ ಹೋಗಿ ಬರಲು 33. ಮನೆಯೊಳಗಿನ ಲೆಕ್ಕಕ್ಕೆ ಹೊಂದಿಸಿದ ರೂಟರ್ ಅಷ್ಟರೊಳಗೆ ತಾಳ್ಮೆ ಕಳೆದುಕೊಂಡು, ತಲುಪಿದ ಪ್ಯಾಕೆಟನ್ನೇ ಮತ್ತೆ ಕಳಿಸುತ್ತದೆ. ಅತಿ ದೂರದ ಲಿಂಕಿನ ಮೀಟರ್ ಲೆಕ್ಕವನ್ನು ಎರಡೂ ತುದಿಯಲ್ಲಿ ತುಂಬಿ. ಇರಲಿ ಅಂತ 20,000 ಹಾಕಬೇಡಿ, ಆಗ ಪ್ರತಿ ಸ್ಲಾಟೂ ಉದ್ದವಾಗುತ್ತದೆ.

ಕ್ಯೂ. ಕ ಮನೆಯ ರೂಟರಿನಲ್ಲಿ ಕೇಕ್ (ಕ್ಯೂ ಉದ್ದವಾಗದಂತೆ ನೋಡುವ ತಂತ್ರಾಂಶ) ಹಾಕಿ, ಮೆಶ್‌ನ ಅಳೆದ ವೇಗದ ಶೇ 85ಕ್ಕೆ ಮಿತಿ ಕಟ್ಟಿ. ಫೈಬರ್ 100 ಕೊಟ್ಟರೂ ಮೆಶ್ 27 ದಾಟಿಸುವುದಾದರೆ ಮಿತಿ 23. ಅದರ ಎಸಿಕೆ ಫಿಲ್ಟರನ್ನು ಗ, ಘ ಮನೆಗಳಲ್ಲಿ ಅಪ್‌ಲೋಡ್ ದಿಕ್ಕಿಗೆ ಆನ್ ಮಾಡಿದರೆ ಗುಡ್ಡ ಹತ್ತುವ ಟಿಸಿಪಿ ಎಸಿಕೆಗಳ ಸಂಖ್ಯೆ ಇಳಿಯುತ್ತದೆ, ಡಿಕ್ಕಿಯ ಅವಕಾಶವೂ.

ನೆಟ್‌ವರ್ಕ್ ಕೋಡಿಂಗ್ ಬಗ್ಗೆ ಕೇಳುವವರಿದ್ದಾರೆ: ರಿಲೇ ಎರಡು ದಿಕ್ಕಿನ ಪ್ಯಾಕೆಟ್‌ಗಳನ್ನು ಎಕ್ಸ್‌ಆರ್ ಮಾಡಿ (ಬಿಟ್‌ಗಳನ್ನು ಬೆರೆಸಿ) ಒಂದೇ ಸಲ ಕಳಿಸಿ, ನಾಲ್ಕು ಪ್ರಸಾರದ ಕೆಲಸವನ್ನು ಮೂರರಲ್ಲಿ ಮುಗಿಸುವುದು. ಇದನ್ನು ಮಾಡಿ ತೋರಿಸಿದ 2006ರ ಕೋಪ್ ಪ್ರಯೋಗ ಸೊಗಸಾದದ್ದು. ಆದರೆ ಎರಡೂ ದಿಕ್ಕಿನ ಹರಿವು ಸಮವಿದ್ದರೆ ಮಾತ್ರ ಲಾಭ. ತೋಟದ ಮನೆಯಲ್ಲಿ ಹತ್ತು ಪಾಲು ಇಳಿದರೆ ಒಂದು ಪಾಲು ಏರುತ್ತದೆ. ಬಿಡಿ.

ಇದನ್ನೆಲ್ಲ ಮಾಡುವ ಮೊದಲು ಮತ್ತು ಮಾಡಿದ ಮೇಲೆ ಒಂದೇ ಅಂಕಿ ಬರೆದಿಡಿ. ನೆತ್ತಿಯ ರಿಲೇಯಲ್ಲಿ ಸಂಜೆ ಏಳರಿಂದ ಒಂಬತ್ತರ ನಡುವೆ ಅದೇ ಐಡಬ್ಲ್ಯು ಆಜ್ಞೆಯ ಸರ್ವೇ ಡಂಪ್ ತೆಗೆಯಿರಿ. ಆಕ್ಟಿವ್, ಬಿಜಿ (ಚಾನೆಲ್ ಖಾಲಿ ಇಲ್ಲದ ಹೊತ್ತು), ರಿಸೀವ್, ಟ್ರಾನ್ಸ್‌ಮಿಟ್ ಎಂದು ನಾಲ್ಕು ಸಮಯ ತೋರಿಸುತ್ತದೆ. ಹತ್ತು ಸೆಕೆಂಡ್ ಬಿಟ್ಟು ಮತ್ತೊಮ್ಮೆ ತೆಗೆದು ವ್ಯತ್ಯಾಸ ನೋಡಿ. ಪ್ರತಿ 1000 ಮಿಲಿಸೆಕೆಂಡಿಗೆ ಬಿಜಿ 720, ರಿಸೀವ್ 180, ಟ್ರಾನ್ಸ್‌ಮಿಟ್ 210 ಬಂದರೆ, ಉಳಿದ 330 ಅರ್ಥವಾಗದ ಸದ್ದು: ನಿಮ್ಮದೇ ಡಿಕ್ಕಿಗಳು, ಇಲ್ಲವೇ ನೆತ್ತಿಗೆ ನೇರ ಕಾಣುವ ಪೇಟೆಯ ಗದ್ದಲ. ಮನೆಗಳ ನೋಡ್‌ಗಳನ್ನೆಲ್ಲ ಐದು ನಿಮಿಷ ಆಫ್ ಮಾಡಿ ಮತ್ತೆ ಓದಿದರೆ ಯಾವುದು ಎಂದು ತಿಳಿಯುತ್ತದೆ. ಪೇಟೆಯದ್ದಾದರೆ ಚಾನೆಲ್ ಬದಲಿಸಿ, ನಿಮ್ಮದಾದರೆ ಮೇಲಿನ ಮೂರು ಮೆಟ್ಟಿಲು. ಬಿಜಿ ಶೇ 70ರ ಒಳಗೆ ನಿಂತರೆ ಇನ್ನೊಂದು ಮನೆ ಸೇರಿಸಬಹುದು.

ಚಳಿಗಾಲದಲ್ಲೊಮ್ಮೆ, ಆಶ್ಲೇಷ ಮಳೆ ಹಿಡಿದಾಗ ಇನ್ನೊಮ್ಮೆ ಓದಿ. ಮಳೆಯಲ್ಲಿ ಒಂದೇ ಲಿಂಕ್ ಇಡೀ ಚಾನೆಲ್ ನುಂಗುತ್ತಿದ್ದರೆ ಮೆಶ್‌ನ ಆರ್‌ಎಸ್‌ಎಸ್‌ಐ (ಸಿಗ್ನಲ್ ಬಲದ) ಮಿತಿಯನ್ನು −78 ಸುತ್ತ ಇಟ್ಟು ದುರ್ಬಲ ಲಿಂಕನ್ನೇ ಕತ್ತರಿಸಬಹುದು, ದಾರಿ ಬೇರೆ ನೋಡ್ ಮೂಲಕ ಸುತ್ತುತ್ತದೆ. ಆ ಮನೆಗೆ ಬೇರೆ ದಾರಿಯೇ ಇಲ್ಲದಿದ್ದರೆ ಮಿತಿ ಇಡುವ ಮೊದಲು ಅವರ ಡಿಶ್ ಬದಲಿಸಿ, ಇಲ್ಲವೇ ಅಡ್ಡ ಬಂದ ಕೊಂಬೆಯನ್ನು ತೋಟದವರನ್ನು ಕೇಳಿ ಸವರಿಸಿ; ಮಳೆ ನಿಲ್ಲುವವರೆಗೆ ಅವರಿಗೆ ನೆಟ್ಟೇ ಇಲ್ಲದಂತಾದರೆ ಅವರು ಮಿತಿಯ ಲೆಕ್ಕ ಕೇಳಲು ಬರುವುದಿಲ್ಲ, ನೆತ್ತಿಯ ಬ್ಯಾಟರಿ ಕೇಳಲು ಬರುತ್ತಾರೆ.